ರಾತ್ರಿ ಕೊಟ್ಟ ಪಾರ್ಸಲ್ ಬೆಳಿಗ್ಗೆ ಎಲ್ಲಿಯವರೆಗೆ ಮುಟ್ಟುತ್ತದೆ?

ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿ.ಮೀ. ರಾತ್ರಿ ಊಟದ ಹೊತ್ತಿಗೆ ಹೊರಟ ಬಸ್ಸು ಬೆಳಗಿನ ಚಹಾದ ಹೊತ್ತಿಗೆ ಅಲ್ಲಿರುತ್ತದೆ. ವಿಜಯಪುರ, ಬಾಗಲಕೋಟೆಯ ಬಸ್ಸುಗಳದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಹಾಗಾಗಿ ‘ಈಗ ಕೊಡ್ರಿ, ಮುಂಜಾನೆ ಸಿಗತೈತಿ’ ಎಂದು ಬುಕಿಂಗ್ ಆಫೀಸಿನವರು ಹೇಳುವುದು ಸುಳ್ಳೇನಲ್ಲ. ಆದರೆ ಸಿಗುವುದು ಬಸ್ಸು ನಿಲ್ಲುವ ಜಾಗದಲ್ಲಿ. ಮಗಳ ಮನೆ ವೈಟ್‌ಫೀಲ್ಡ್‌ನಲ್ಲಿದ್ದರೆ ಯಶವಂತಪುರದಿಂದ ಅಲ್ಲಿಗೆ ಒಯ್ಯುವವರು ಯಾರು? ರಾತ್ರಿಯ ಪಾರ್ಸಲ್ಲಿನ ಲೆಕ್ಕ ತಪ್ಪುವುದು ಹೆದ್ದಾರಿಯಲ್ಲಲ್ಲ, ಊರೊಳಗಿನ ಆ ಕೊನೆಯ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ.

1. ಮೊದಲು ಅತ್ತ ಕಡೆ ಫೋನ್ ಮಾಡಿ

ಬೆಳಿಗ್ಗೆ ಆರಕ್ಕೆ ಬಂದು ತೆಗೆದುಕೊಳ್ಳುವವರು ಇದ್ದಾರಾ? ಇದ್ದರೆ ಬಸ್ಸು ಅಥವಾ ರೈಲು. ಇಲ್ಲದಿದ್ದರೆ ಕೊರಿಯರ್ ಅಥವಾ ಸ್ಪೀಡ್ ಪೋಸ್ಟ್. ಆಗ ಬೆಳ್ಳಂಬೆಳಿಗ್ಗೆಯ ಆಸೆ ಬಿಟ್ಟುಬಿಡಿ. ಹಾಲು, ಪೇಪರ್ ಬರುವ ಹೊತ್ತಿಗೆ ಊರಿಂದ ಊರಿಗೆ ಕಳಿಸಿದ ಪಾರ್ಸಲ್ಲನ್ನು ಬಾಗಿಲಿಗೆ ತರುವ ಮಾಮೂಲಿ ಸೇವೆ ನಮ್ಮ ಕಡೆ ಇಲ್ಲ. ಬ್ಲೂ ಡಾರ್ಟ್‌ನಂಥ ದೊಡ್ಡ ಕೊರಿಯರ್‌ಗಳಲ್ಲಿ ‘ಮರುದಿನ 10.30ರೊಳಗೆ’, ‘12ರೊಳಗೆ’ ಎನ್ನುವ ದುಬಾರಿ ಸೇವೆ ಇದೆ. ಅದೂ ಆಯ್ದ ಪಿನ್‌ಕೋಡ್‌ಗಳಿಗೆ ಮಾತ್ರ.

2. ಎರಡೂ ಕಡೆಯ ಪಿನ್‌ಕೋಡ್ ಹಾಕಿ ನೋಡಿ

‘ಬೆಂಗಳೂರಿಗೆ ಒಂದು ದಿನ’ ಎನ್ನುವ ಮಾತನ್ನು ನಂಬಿ ಕೂರಬೇಡಿ. ಕೊರಿಯರ್‌ನವರ ವೆಬ್‌ಸೈಟಿನಲ್ಲಿ ಕಳಿಸುವ ಮತ್ತು ಮುಟ್ಟುವ ಪಿನ್‌ಕೋಡ್ ಹಾಕಿದರೆ ಎಷ್ಟು ದಿನ ಎಂದು ತೋರಿಸುತ್ತದೆ. 590001 ಎಂದರೆ ಬೆಳಗಾವಿ, 586101 ವಿಜಯಪುರ, 587101 ಬಾಗಲಕೋಟೆ. ಬಾಗಲಕೋಟೆಯದೇ ನವನಗರಕ್ಕೆ ಬೇರೆ, 587103. ತಾಳಿಕೋಟೆ, ಮುದ್ದೇಬಿಹಾಳ, ರಾಮದುರ್ಗದಂಥ ಊರುಗಳಿಗೆ ಒಂದು ದಿನ ಜಾಸ್ತಿ ಹಿಡಿಯುವುದು ಸಾಮಾನ್ಯ. ಸಂಜೆಯ ಗಾಡಿ ಹೋದ ಮೇಲೆ ಕೊಟ್ಟ ಪಾರ್ಸಲ್ ಆ ರಾತ್ರಿ ಊರು ಬಿಡುವುದೇ ಇಲ್ಲ. ಆದ್ದರಿಂದ ‘ಗಾಡಿ ಎಷ್ಟು ಗಂಟೆಗೆ?’ ಎಂದು ರೇಟಿಗಿಂತ ಮೊದಲು ಕೇಳಿ. ಶನಿವಾರ ಕೊಟ್ಟದ್ದು ಸೋಮವಾರ ಮುಟ್ಟಿದರೆ ಬೈದು ಪ್ರಯೋಜನವಿಲ್ಲ.

3. ಬಸ್ಸಿಗೆ ಹಾಕುವುದಾದರೆ

ಸಾರಿಗೆ ನಿಗಮಗಳು 2021ರ ಫೆಬ್ರುವರಿಯಲ್ಲಿ ‘ನಮ್ಮ ಕಾರ್ಗೋ’ ಎಂಬ ಪಾರ್ಸಲ್ ಸೇವೆ ಶುರು ಮಾಡಿದವು. ದೊಡ್ಡ ಬಸ್ ನಿಲ್ದಾಣಗಳಲ್ಲಿ ಕೌಂಟರ್ ಇದೆ. ಬೆಳಗಾವಿ, ಬಾಗಲಕೋಟೆ ವಾಯವ್ಯ ಸಾರಿಗೆಗೆ ಸೇರಿದರೆ ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರಿದೆ. ವಿಚಾರಿಸುವಾಗ ಇದು ನೆನಪಿರಲಿ. ಖಾಸಗಿ ಸ್ಲೀಪರ್ ಬಸ್ಸುಗಳೂ ಪಾರ್ಸಲ್ ಒಯ್ಯುತ್ತವೆ. ಎಲ್ಲಿ ಹಾಕಿದರೂ ರಸೀದಿ ಬೇಕು. ಅದರಲ್ಲಿ ಬಸ್ಸಿನ ನಂಬರು, ಇಳಿಸುವ ಜಾಗ, ಅಲ್ಲಿಯ ಆಫೀಸಿನ ಫೋನು ಇರಬೇಕು. ‘ಪೇಯ್ಡ್’ ಅಂದರೆ ನೀವೇ ಕೊಟ್ಟಿದ್ದೀರಿ, ‘ಟು ಪೇ’ ಅಂದರೆ ಬಿಡಿಸಿಕೊಳ್ಳುವವರು ಕೊಡಬೇಕು. ಬೆಳಗಿನ ಜಾವ ಕೌಂಟರಿನಲ್ಲಿ ಜಗಳ ಆಗುವುದು ಹೆಚ್ಚಾಗಿ ಇದರ ಮೇಲೆಯೇ.

ಡ್ರೈವರ್ ಕೈಯಲ್ಲಿ ನೂರು-ಇನ್ನೂರು ಇಟ್ಟು ಚೀಲ ಕಳಿಸುವ ರೂಢಿಯೂ ಇದೆ. ಬಹಳ ಸಲ ಮುಟ್ಟುತ್ತದೆ, ಒಪ್ಪೋಣ. ಆದರೆ ಬಸ್ಸು ಕೆಟ್ಟು ಬೇರೆ ಬಸ್ಸು ಬಂದರೆ ಚೀಲ ಯಾರ ಬಳಿ ಉಳಿಯಿತು ಎಂದು ಕೇಳುವುದಕ್ಕೂ ದಿಕ್ಕಿರುವುದಿಲ್ಲ. ರೊಟ್ಟಿ, ಚಟ್ನಿಗೆ ಸರಿ. ಮಾರ್ಕ್ಸ್‌ಕಾರ್ಡಿಗೆ ಖಂಡಿತ ಬೇಡ.

ಪುಣೆ, ಕೊಲ್ಲಾಪುರ, ಸೊಲ್ಲಾಪುರಕ್ಕೆ ಕಳಿಸುವವರಿಗೆ ಇನ್ನೊಂದು ತೊಡಕಿದೆ. ಗಡಿಯಲ್ಲಿ ಗಲಾಟೆ ಎದ್ದರೆ ಮೊದಲು ನಿಲ್ಲುವುದೇ ಬಸ್ಸು. 2022ರ ಡಿಸೆಂಬರ್‌ನಲ್ಲಿ, 2025ರ ಫೆಬ್ರುವರಿಯಲ್ಲಿ ಹಾಗೇ ಆಯಿತು. ಅಂಥ ವಾರದಲ್ಲಿ ಅಂಚೆಯೇ ವಾಸಿ.

4. ರೈಲಿಗೆ ಹಾಕುವುದಾದರೆ

ಬೆಳಗಾವಿಯಿಂದಲೇ ಹೊರಡುವ ರಾತ್ರಿಯ ಬೆಂಗಳೂರು ಸೂಪರ್‌ಫಾಸ್ಟ್‌ಗೆ ಸಾಮಾನು ಹತ್ತಿಸಲು ಸಮಯ ಸಿಗುತ್ತದೆ. ನಡುವಿನ ಸಣ್ಣ ನಿಲ್ದಾಣಗಳಲ್ಲಿ ಎರಡೇ ನಿಮಿಷ ನಿಲ್ಲುವ ರೈಲಿಗೆ ಪಾರ್ಸಲ್ ತೆಗೆದುಕೊಳ್ಳುವುದಿಲ್ಲ. ಬುಕ್ ಮಾಡಿದ್ದು ಅದೇ ರೈಲಿಗೆ ಹತ್ತುತ್ತದೆ ಎನ್ನುವ ಗ್ಯಾರಂಟಿಯೂ ಇಲ್ಲ. ಜಾಗ ಇದ್ದರೆ ಹತ್ತುತ್ತದೆ. ನೀವೇ ಟಿಕೆಟ್ ತೆಗೆಸಿ ಹೊರಟಿದ್ದರೆ ‘ಲಗೇಜ್’ ಎಂದು ಬುಕ್ ಮಾಡಿ, ಸಾಮಾನು ನಿಮ್ಮ ಜೊತೆಗೇ ಬರುತ್ತದೆ. ಬೈಕ್ ಕಳಿಸುವವರು ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ, ಆರ್‌ಸಿ ನಕಲು ಇಟ್ಟುಕೊಂಡು ಹೋಗಿ.

5. ತೂಕ ಮತ್ತು ಡಬ್ಬಿ

ಖಡಕ್ ರೊಟ್ಟಿ ಕಳಿಸುವವರು ಬೆಚ್ಚಿಬೀಳುವುದು ಇಲ್ಲೇ. ಕೊರಿಯರ್‌ನವರು ತಕ್ಕಡಿಯ ತೂಕ ಒಂದನ್ನೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40, 40, 30 ಸೆಂ.ಮೀ. ಇರುವ ಡಬ್ಬಿ 9.6 ಕೆ.ಜಿ. ಎಂದಾಯಿತು. ಒಳಗಿರುವುದು ಮೂರೇ ಕೆ.ಜಿ. ರೊಟ್ಟಿ ಇರಬಹುದು, ಹಣ ಹತ್ತು ಕೆ.ಜಿ.ಯದು! ಹಾಗಾಗಿ ರೊಟ್ಟಿಯ ಅಳತೆಗೆ ತಕ್ಕ ಡಬ್ಬಿ ಹುಡುಕಿ. ತಳಕ್ಕೆ ಪೇಪರ್ ಮುದ್ದೆ ಮಾಡಿ ಹಾಕಿ, ರೊಟ್ಟಿಗಳನ್ನು ಮಲಗಿಸಿ, ಮೇಲೆ ಇನ್ನಷ್ಟು ಪೇಪರ್ ಒತ್ತಿ. ಅಲುಗಾಡಿಸಿದರೆ ಒಳಗೆ ಸಪ್ಪಳ ಬರಬಾರದು. ಶೇಂಗಾ ಚಟ್ನಿ ಬೇರೆ ಪೊಟ್ಟಣದಲ್ಲಿರಲಿ, ಎಣ್ಣೆ ಬಿಟ್ಟರೆ ರೊಟ್ಟಿ ಮೆತ್ತಗಾಗುತ್ತದೆ. ಕುಂದಾ ಪೂರ್ತಿ ಆರಿದ ಮೇಲೆ ಮುಚ್ಚಿ. ಕರದಂಟಿಗೆ ಇಷ್ಟೆಲ್ಲ ಉಪಚಾರ ಬೇಡ, ಅದು ಗಟ್ಟಿ ಜೀವ.

ಬಸ್ಸಿನ ಡಿಕ್ಕಿಗೆ ಹೋಗುವ ಡಬ್ಬಿಯ ಮೇಲೆ ಗೋಣಿಚೀಲ ಹಾಕಿ, ದಬ್ಬಣ-ಸುತಳಿಯಿಂದ ಹೊಲಿದುಬಿಡಿ. ಹೆಸರು, ಫೋನ್ ನಂಬರು ಎರಡು ಬದಿಗೆ ಬರೆಯಿರಿ. ಒಳಗೂ ಒಂದು ಚೀಟಿ ಇರಲಿ.

6. ಏನು ಹಾಕಬಾರದು

ನಗದು, ಬಂಗಾರ, ಪೆಟ್ರೋಲ್, ಪಟಾಕಿ, ಗ್ಯಾಸ್ ಬೇಡ. ವಿಮಾನದಲ್ಲಿ ಹೋಗುವ ಕೊರಿಯರ್ ಆದರೆ ಪವರ್ ಬ್ಯಾಂಕ್ ಹಾಕುವ ಮೊದಲು ಕೇಳಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಕಳಿಸುವ ವ್ಯಾಪಾರಿಗಳು ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಚೀಟಿ) ಮಾಡಿಸಲೇಬೇಕು. ಅದಿಲ್ಲದೆ ದಾರಿಯಲ್ಲಿ ತಪಾಸಣೆಗೆ ಸಿಕ್ಕರೆ ಆ ದಿನದ ಬೆಳಗಂತೂ ಹೋಯಿತು.

7. ಕೊಟ್ಟ ಮೇಲೆ

ರಸೀದಿಯ ಫೋಟೊ ತೆಗೆದು ಬಿಡಿಸಿಕೊಳ್ಳುವವರಿಗೆ ಆಗಲೇ ವಾಟ್ಸ್‌ಆ್ಯಪ್ ಮಾಡಿ. ಗುರುತಿನ ಚೀಟಿ ಒಯ್ಯಲು ಹೇಳಿ. ತಡವಾಗಿ ಹೋದರೆ ರೈಲ್ವೆಯಲ್ಲಿ, ಕೆಲವು ಗೋಡೌನುಗಳಲ್ಲಿ ಇಟ್ಟುಕೊಂಡದ್ದಕ್ಕೂ ಹಣ ಕೇಳುತ್ತಾರೆ. ಡಬ್ಬಿ ಒಡೆದಿದ್ದರೆ ಸಹಿ ಹಾಕುವ ಮೊದಲೇ ಫೋಟೊ ತೆಗೆದು, ಡೆಲಿವರಿ ಕಾಪಿಯ ಮೇಲೆ ಹಾಗಂತ ಬರೆಯಬೇಕು. ಪರಿಹಾರ ಕೇಳುವಾಗ ಬುಕಿಂಗ್‌ನಲ್ಲಿ ಬರೆಸಿದ ಬೆಲೆಯನ್ನೇ ನೋಡುತ್ತಾರೆ. ಸುಮ್ನೆ ನೂರು ರೂಪಾಯಿ ಎಂದು ಬರೆಸಿದ್ದರೆ ನೂರರ ಮೇಲೆ ಮಾತೇ ಇರುವುದಿಲ್ಲ.