ಮಳಗಿಗೆ ಬರುವಷ್ಟರಲ್ಲಿ ಸಾಯ್ತದೆ ಎಂದಿದ್ದೆ

ಎರಡು ವರ್ಷದ ಹಿಂದಿನ ಭರಣಿ ಮಳೆಯ ಹೊತ್ತು. ಮಧ್ಯಾಹ್ನ ಮೂರೂವರೆಗೆ ಗೋವಾದ ಹವಾಮಾನ ರೇಡಾರ್ ಚಿತ್ರದಲ್ಲಿ ಮುಂಡಗೋಡಿನ ಮೇಲೆ ಜೋರು ಮಳೆಮೋಡದ ಕೆಂಪು ಗಡ್ಡೆ, ಸಿದ್ದಾಪುರದ ಮೇಲೆ ಸಣ್ಣ ಮೋಡದ ಬಡಕಲು ಹಳದಿ ಚುಕ್ಕೆ. ಮಿಂಚಿನ ಫೋಟೋಕ್ಕೆ ಅಲೆಯುವ ನಮ್ಮ ಬಳಗದ ಮೂವರು ಟ್ರೈಪಾಡ್ ಕಟ್ಟಿಕೊಂಡು ಮಳಗಿಗೆ ಹೊರಟರು. ‘ಆ ಮೋಡ ಮಳಗಿಗೆ ಬರುವಷ್ಟರಲ್ಲಿ ಸಾಯ್ತದೆ, ಸಿದ್ದಾಪುರಕ್ಕೆ ಬನ್ನಿ’ ಎಂದೆ. ನಕ್ಕರು. ನಗಲಿ ಬಿಡಿ, ಅದಕ್ಕೂ ಹಿಂದಿನ ಮೂರು ಬೇಸಗೆ ನಾನು ಹೇಳಿದ್ದೆಲ್ಲ ಉಲ್ಟಾ ಆಗಿತ್ತು.

ಆ ಮೂರು ಬೇಸಗೆಯ ಲೆಕ್ಕ ಹೇಳಿಬಿಡುತ್ತೇನೆ. ಬೈಕಿಗೆ ಪೆಟ್ರೋಲು ಮೂವತ್ತೈದು ಸಾವಿರದ ಹತ್ತಿರ. ಬನವಾಸಿ ರಸ್ತೆಯಲ್ಲಿ ನೆಂದು ಸತ್ತ ಕ್ಯಾಮೆರಾ ಇಪ್ಪತ್ತೆಂಟು. ಮಿಂಚು ಕಂಡರೆ ತಾನೇ ಕ್ಲಿಕ್ಕಿಸುತ್ತದೆ ಎಂದು ತರಿಸಿದ ಟ್ರಿಗರ್ ಒಂಬತ್ತು. ಮಿಂಚಿಗೆ ಸುಮ್ಮನಿದ್ದು ಎದುರು ಬಂದ ಲಾರಿಯ ಹೆಡ್‌ಲೈಟಿಗೆ ಕ್ಲಿಕ್ಕಿಸುತ್ತಿತ್ತು. ಹುಟ್ಟುವಳಿ ಎಂದರೆ ಒಂದು ಕ್ಯಾಲೆಂಡರಿನವರು ಕೊಟ್ಟ ನಾಲ್ಕು ಸಾವಿರ. ಭಾವ ಕಂಡಲ್ಲೆಲ್ಲ ಅದೇ ಮಾತು: ‘ಮೋಡ ಕಾಯದ್ ಬಿಟ್ಟು ತೋಟಕ್ಕೆ ನೀರ್ ಬಿಡೋ ಮಾರಾಯ.’

ತಪ್ಪಿದ್ದು ಎಲ್ಲಿ ಎಂದರೆ, ನಾನು ಮೋಡವನ್ನೇ ನೋಡುತ್ತಿದ್ದೆ. ರೇಡಾರಿನಲ್ಲಿ ಕೆಂಪು ಕಂಡರೆ ಓಟ. ರೇಡಾರ್ ಇರುವ ಪಣಜಿಯಿಂದ ನಮ್ಮ ಶಿರಸಿಗೆ ನೇರ ಗೆರೆ ಎಳೆದರೆ 145 ಕಿಲೋಮೀಟರ್ ಆಗುತ್ತದೆ. ಅಷ್ಟು ದೂರಕ್ಕೆ ಬರುವಾಗ ರೇಡಾರಿನ ಕಿರಣ ನೆಲದಿಂದ ಎರಡೂವರೆ ಕಿಲೋಮೀಟರ್ ಮೇಲಿರುತ್ತದೆ, ಭೂಮಿ ದುಂಡಗಿದೆಯಲ್ಲ. ಮೋಡದ ಹೊಟ್ಟೆ, ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಸಾಯುವುದು ಕಾಲಿನಿಂದಲೇ. ಎಷ್ಟೋ ಸಲ ಕೆಂಪು ದಪ್ಪಗಾಗುವುದು ಮೋಡ ಎತ್ತಿ ಹಿಡಿದಿದ್ದ ನೀರನ್ನು ಕೈಬಿಡುವಾಗ. ನಾವು ‘ಜೋರಾಯ್ತು’ ಎಂದು ಗಾಡಿ ಹತ್ತುವ ಹೊತ್ತಿಗೆ ಅದು ಖಾಲಿ.

ಹಾಗಾಗಿ ನೆಲದ ಹತ್ತಿರದ ಗಾಳಿ ತಿಳಿಯಲು ಥರ್ಮಾಮೀಟರ್. ಗೋಡೆಗೆ ನೇತುಹಾಕುವ ಸಾದಾ ಗಾಜಿನವು, ಜೋಡಿ ಜೋಡಿ. ಒಂದು ಒಣಗಿದ್ದು, ಇನ್ನೊಂದರ ಬುಡಕ್ಕೆ ಹಳೆ ಪಂಚೆಯ ಒದ್ದೆ ಚೂರು. ಎರಡರ ಅಂಕಿ ಹತ್ತಿರವಾದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಎಲ್ಲ ಸೇರಿ ಸಾವಿರದೊಳಗೆ. ಒಂದು ಜೋಡಿ ಮಳಗಿಯ ಹತ್ತಿರದ ಅತ್ತಿಗೆ ಮನೆಯ ಜಗಲಿಯಲ್ಲಿ, ಇನ್ನೊಂದು ಸಿದ್ದಾಪುರದ ಕಡೆಯ ದೊಡ್ಮನೆ ಘಟ್ಟದ ತಲೆಯಲ್ಲಿ. ಮೂರನೆಯದು ಎಲ್ಲಿದೆ ಎಂದು ಕೇಳಬೇಡಿ.

ಮೊದಲ ವರ್ಷ ಇದೂ ಕೈಕೊಟ್ಟಿತು. ಒದ್ದೆ ಬಟ್ಟೆಯ ಅಂಕಿ ಏರಿತು, ತೇವ ಬಂತು, ಇನ್ನು ಮೋಡ ಉಬ್ಬುತ್ತದೆ ಎಂದು ದೇವಿಮನೆ ಘಟ್ಟದಲ್ಲಿ ಕತ್ತಲಾಗುವವರೆಗೆ ಕೂತೆ. ಪೂರ್ವದಿಂದ ಬಂದ ಮೋಡ ಘಟ್ಟದ ಅಂಚಿಗೆ ಬಂದು ಕರಗಿತು, ಗುಡುಗು ಕೂಡ ಕೆಮ್ಮಿದ ಹಾಗೆ. ಕಡಲಗಾಳಿ ತೇವ ತರುತ್ತದೆ ನಿಜ, ಆದರೆ ತಂಪನ್ನೂ ತರುತ್ತದೆ. ಆ ತಂಪು ಗಾಳಿ ನೆಲಕ್ಕೆ ಹಾಸಿಕೊಂಡರೆ ಮೇಲೆ ಹಾಯುವ ಮೋಡಕ್ಕೆ ಬಿಸಿ ಗಾಳಿ ಸಿಗುವುದಿಲ್ಲ. ಕಡಲಗಾಳಿ ಘಟ್ಟ ಹತ್ತಿದ ಮೊದಲ ಅಂಚಿಗೇ ಸಿಕ್ಕ ಮೋಡ ಉರಿದೇಳುತ್ತದೆ. ಎರಡು ತಾಸು ತಡವಾಗಿ ಬಂದ ಮೋಡ ಆ ತಂಪು ಹಾಸಿಗೆಯ ಮೇಲೆ ಕಾಲಿಟ್ಟು ಮಲಗುತ್ತದೆ.

ಈಗ ಓದುವ ಕ್ರಮ ಹೀಗೆ. ಒಣ ಅಂಕಿ 34ರಿಂದ 30ಕ್ಕೆ ಬಿದ್ದು ಒದ್ದೆಯದು ಅಲ್ಲೇ ನಿಂತರೆ ಕಡಲಗಾಳಿ. ಎರಡೂ ದಡಕ್ಕನೆ ಇಳಿದರೆ ಅದು ಮೋಡ ತಾನೇ ಉಗುಳಿದ ಮಳೆಗಾಳಿ. ಅದು ಬಂದ ಬೆನ್ನಿಗೇ ಹನಿ ಬಿದ್ದರೆ ಮೋಡಕ್ಕೆ ಜೀವ ಇದೆ. ಗಾಳಿ ಬಹಳ ಮುಂದೆ ಓಡಿದರೆ ಮೋಡದ ಬುಡವನ್ನು ಅದೇ ಕೊಯ್ದಿದೆ ಎಂದರ್ಥ. ಗಾಳಿಗೂ ಹನಿಗೂ ನಡುವೆ ನನ್ನ ಗಡುವು ಇಪ್ಪತ್ತು ನಿಮಿಷದ ಆಜುಬಾಜು. ಸರಿಯಾದ ಅಂಕಿ ನನ್ನಲ್ಲೇ ಇರಲಿ. ಮಧ್ಯಾಹ್ನವೇ ಒಂದು ಮಳೆ ಬಿದ್ದ ಜಾಗಕ್ಕೆ ಸಂಜೆ ನಾನು ಹೋಗುವುದೇ ಇಲ್ಲ, ನೆಲ ಆಗಲೇ ತಣ್ಣಗಾಗಿರುತ್ತದೆ.

ನಡುವೆ ಒಂದು ಹುಚ್ಚೂ ಹತ್ತಿತ್ತು. ಅಪ್ಪಯ್ಯನ ಹಳೇ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಹಾಕಿ, ಮಿಂಚಿನ ‘ಚರ್’ ಸದ್ದನ್ನು ನಿಮಿಷಕ್ಕೆ ಎಷ್ಟೆಂದು ಎಣಿಸುವುದು. ಸದ್ದು ಕಡಿಮೆಯಾದರೆ ಮೋಡ ಸೋಲುತ್ತಿದೆ ಎಂದು. ವಿಚಾರ ಸರಿಯೇ, ಆದರೆ ಯಾವ ಮೋಡದ ‘ಚರ್’ ಎಂದು ಗೊತ್ತಾಗುವುದಿಲ್ಲ. ಹಾವೇರಿಯ ಮೋಡವನ್ನು ಯಲ್ಲಾಪುರದ್ದೆಂದು ಎಣಿಸಿ ಅರಬೈಲು ಘಟ್ಟದವರೆಗೆ ಹೋಗಿ ಬಂದೆ. ಈಗ ಅದಕ್ಕೆ ಮಿಂಚು ಎಲ್ಲಿ ಎಂದು ತೋರಿಸುವ ದಾಮಿನಿ ಆ್ಯಪ್ ಸಾಕು. ಅಡಿಕೆ ಸಿಪ್ಪೆಗೆ ಬೆಂಕಿ ಹಾಕಿ ಹೊಗೆ ನೋಡುವುದನ್ನು ಮಾತ್ರ ಬಿಟ್ಟಿಲ್ಲ. ಗಾಳಿ ತಿರುಗಿದ್ದು ಅದರಷ್ಟು ಬೇಗ ಬೇರೆ ಯಾವುದೂ ಹೇಳುವುದಿಲ್ಲ.

ಆ ಭರಣಿ ಮಳೆಯ ದಿನ ಮೂರೂ ಕಾಲಿಗೆ ದೊಡ್ಮನೆಯ ಒಣ ಅಂಕಿ ಇಳಿದಿತ್ತು, ಒದ್ದೆಯದು ಇಳಿದಿರಲಿಲ್ಲ. ಮೂರೂವರೆಗೆ ಅತ್ತಿಗೆಗೆ ಫೋನ್ ಮಾಡಿದರೆ, ‘ತಂಪು ಗಾಳಿ ಬಂದು ಅರ್ಧ ತಾಸಾತು ತಮಾ, ಒಣಹಾಕಿದ ಬಟ್ಟೆ ಎಲ್ಲ ಹಾರಿಹೋತು. ಒಂದು ಹನಿನೂ ಬಿದ್ದಿದ್ದಿಲ್ಲೆ.’ ಅಷ್ಟು ಸಾಕಾಯಿತು. ಓಮ್ನಿ ಸಿದ್ದಾಪುರಕ್ಕೆ ತಿರುಗಿಸಿದೆ. (ಬೈಕು ಬಿಟ್ಟದ್ದು ಹೆಂಡತಿಯ ಆಣೆಗೆ. ಮಿಂಚಿ ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಹತ್ತು ಕಿಲೋಮೀಟರ್ ಒಳಗೇ ಇದೆ, ಗಾಜು ಏರಿಸಿ ಕೂರುವುದೇ.) ನಾಲ್ಕೂವರೆಗೆ ಆ ಹಳದಿ ಚುಕ್ಕೆ ಹೂಕೋಸಿನ ಹಾಗೆ ಉಬ್ಬಿ ಕಪ್ಪಾಯಿತು. ಐದಕ್ಕೆ ಓಮ್ನಿಯ ತಗಡಿನ ಮೇಲೆ ಗೋಲಿಯಷ್ಟು ದಪ್ಪ ಆಲಿಕಲ್ಲು, ಎದುರಿನ ಗದ್ದೆ ಬಯಲಿಗೆ ಮೂರು ಕವಲಿನ ಸಿಡಿಲು. ಫೋಟೋ ಸಿಕ್ಕಿತು. ಮುಂದಿನ ಗಾಜು ಬಿರಿದು ಮೂರೂವರೆ ಸಾವಿರ ಹೋಯಿತು.

ಮಳಗಿಗೆ ಹೋದವರು ಧರ್ಮಾ ಜಲಾಶಯದ ದಂಡೆಯಲ್ಲಿ ಮಂಡಕ್ಕಿ ತಿಂದು, ಬೂದಿ ಬಣ್ಣದ ಆಕಾಶ ನೋಡಿ ಬಂದರು.

ಆಮೇಲಿನ ಎರಡು ಬೇಸಗೆಯಲ್ಲಿ ಇಪ್ಪತ್ತೆರಡೋ ಇಪ್ಪತ್ಮೂರೋ ಮೋಡ ನೋಡಿದ್ದೇನೆ, ಹದಿನೇಳು ಹೇಳಿದ ಹಾಗೆ ಆದವು. ಭಾವ ಈಗ ಕಾಳುಮೆಣಸು ಹರವುವ ಮುಂಚೆ ಫೋನ್ ಮಾಡುತ್ತಾನೆ. ಆದರೆ ಅಕ್ಟೋಬರ್ ಮೋಡ ಈ ಲೆಕ್ಕಕ್ಕೆ ಬಗ್ಗುತ್ತಿಲ್ಲ, ನೆಲವೆಲ್ಲ ಒದ್ದೆ, ಎರಡೂ ಥರ್ಮಾಮೀಟರ್ ಒಂದೇ ಅಂಕಿಯ ಹತ್ತಿರ ಕೂತಿರುತ್ತವೆ. ಹೋದ ವರ್ಷ ಹತ್ತಕ್ಕೆ ನಾಲ್ಕು. ಈ ಸಲ ಒಂದು ಜೋಡಿಯನ್ನು ಘಟ್ಟದ ಕೆಳಗೆ ಕತಗಾಲದಲ್ಲಿ ಇಡಬೇಕೆಂದಿದ್ದೇನೆ, ಅಲ್ಲಿ ನೆಂಟರು ಯಾರೂ ಇಲ್ಲ.