ಹಳೇ ಗಾಮಾ ಕ್ಯಾಮೆರಾದಲ್ಲಿ 8 ಮಿ.ಮೀ. ಗಂಟು ಕಂಡಿತು

ಒಂದು ಸೆಂಟಿಮೀಟರಿಗಿಂತ ಸಣ್ಣ ಸ್ತನದ ಗಂಟು ಸಾದಾ ಗಾಮಾ ಕ್ಯಾಮೆರಾಕ್ಕೆ (ಮೈಗೆ ಚುಚ್ಚಿದ ವಿಕಿರಣ ಔಷಧಿಯ ಕಿರಣ ಹಿಡಿದು ಚಿತ್ರ ಮಾಡುವ ಯಂತ್ರ) ಸಿಗೋದಿಲ್ಲ, ಕಾರವಾರದಲ್ಲಿ ಕೂತು ಆ ಗೋಜಿಗೆ ಹೋಗಬೇಡಿ ಅಂತ ಹಿರಿಯರೆಲ್ಲ ಹೇಳ್ತಿದ್ದರು. ಸ್ತನಕ್ಕೆಂದೇ ಮಾಡಿದ ಸಿಝಡ್‌ಟಿ (ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್ ಹರಳಿನ) ಕ್ಯಾಮೆರಾಕ್ಕೆ ಕೋಟಿಗಟ್ಟಲೆ ಬೇಕು, ಕೇಳೋ ಮಾತೇ ಇಲ್ಲ. ಕಡೆಗೆ ಅಂಕೋಲೆ ಕಡೆಯ ಒಬ್ಬರಲ್ಲಿ, ದಟ್ಟ ಸ್ತನವಾದ್ದರಿಂದ ಮ್ಯಾಮೊಗ್ರಾಂ ಪೂರಾ ಬೆಳ್ಳಗಿದ್ದ ಜಾಗದಲ್ಲಿ, ನಮ್ಮ ಹಳೇ ಕ್ಯಾಮೆರಾ ಚುಕ್ಕೆ ತೋರಿಸಿತು. ಅದೇ ಜಾಗವನ್ನು ಅಲ್ಟ್ರಾಸೌಂಡಿನಲ್ಲಿ ಹುಡುಕಿ ಬಯಾಪ್ಸಿ ಮಾಡಿದರು. ಕ್ಯಾನ್ಸರೇ. ಆಪರೇಷನ್ ಆದಮೇಲೆ ಅಳತೆ ಸುಮಾರು 8 ಮಿ.ಮೀ. ಬಂತು.

ಮೊದಲು ಸ್ಪೆಕ್ಟ್ (ಸುತ್ತಲಿಂದ ತೆಗೆದು ಜೋಡಿಸುವ ಮೂರು ಆಯಾಮದ ಚಿತ್ರ) ಹಿಂದೆ ಬಿದ್ದು ತಿಂಗಳುಗಟ್ಟಲೆ ಕಳೆದೆವು. ಡಿಟೆಕ್ಟರ್, ಅಂದರೆ ಕಿರಣ ಹಿಡಿಯುವ ಭಾಗ, ಮೈಸುತ್ತ ತಿರುಗುವಾಗ ಸ್ತನದಿಂದ ದೂರ ಸರಿತದೆ, ಸಣ್ಣ ಗಂಟು ಅಲ್ಲೇ ಕರಗಿ ಹೋಗ್ತದೆ. ಡೋಸ್ ಏರಿಸಿ ಅಂದರು. 20 ಮಿಲಿಕ್ಯೂರಿ (ವಿಕಿರಣ ಔಷಧಿಯ ಅಳತೆ) ದಾಟೋದಕ್ಕೆ ನಾನು ಒಪ್ಪಲಿಲ್ಲ. ಮೇಯೋ ಕ್ಲಿನಿಕ್ಕಿನವರು ಎರಡು ಡಿಟೆಕ್ಟರಿನ ಸಿಝಡ್‌ಟಿಯಲ್ಲಿ 8 ಮಿಲಿಕ್ಯೂರಿಗೇ ಮುಗಿಸಿ ತೋರಿಸಿರುವಾಗ ನಾವು ಏರಿಸುತ್ತ ಹೋಗೋದು ಸರಿಯಲ್ಲ.

ಒಂದು ರಾತ್ರಿ ಐಸ್‌ಕ್ರೀಂ ಡಬ್ಬಿಗೆ ನೀರು ತುಂಬಿ ತೆಳುವಾಗಿ ಟೆಕ್ನೀಷಿಯಂ (ನಾವು ಬಳಸುವ ವಿಕಿರಣ ವಸ್ತು) ಬೆರೆಸಿದೆ. ಸೂಜಿಯ ಮುಚ್ಚಳದ ತುದಿಯಲ್ಲಿ ಅದರ ಐದಾರು ಪಟ್ಟು ಗಟ್ಟಿ ದ್ರಾವಣ ಹಾಕಿ, ಮೇಣದಿಂದ ಮುಚ್ಚಿ, ಒಳಗಿಟ್ಟೆ. ಡಬ್ಬಿ ಕಾಲಿಮೇಟರಿಗೆ (ಡಿಟೆಕ್ಟರಿನ ಮುಂದಿನ ತೂತುಗಳ ಸೀಸದ ತಟ್ಟೆ) ತಾಗಿದ್ದಾಗ ಚುಕ್ಕೆ ಸ್ಪಷ್ಟ. ಒಂದು ಗೇಣು ದೂರಕ್ಕೆ ಏನೂ ಇಲ್ಲ. ಆಮೇಲೆ ನನಗೆ ದೂರ ಬಿಟ್ಟು ಬೇರೆ ಚಿಂತೆಯೇ ಉಳಿಯಲಿಲ್ಲ.

ಕುಮಟಾದ ಬಡಗಿಯೊಬ್ಬರಿಂದ ಬೋರಲು ಮಲಗುವ ಹಲಗೆ ಮಾಡಿಸಿದೆ. ಪಕ್ಕದಲ್ಲಿ ಕಚ್ಚು, ಸ್ತನ ಕೆಳಗೆ ಜೋತುಬೀಳ್ತದೆ, ಡಿಟೆಕ್ಟರ್ ಬದಿಯಿಂದ ಬಂದು ತಾಗ್ತದೆ. ಪ್ಲೈವುಡ್, ಫೋಮು, ರೆಕ್ಸಿನ್, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು. ಎರಡು ಸ್ತನಗಳ ನಡುವೆ 2 ಮಿ.ಮೀ. ಸೀಸದ ಹಾಳೆ. ಎನರ್ಜಿ ವಿಂಡೋ (ಕ್ಯಾಮೆರಾ ಲೆಕ್ಕಕ್ಕೆ ಹಿಡಿಯುವ ಕಿರಣಶಕ್ತಿಯ ವ್ಯಾಪ್ತಿ) 20ರಿಂದ 10 ಪರ್ಸೆಂಟಿಗೆ ಇಳಿಸಿದೆ, ಒಂದು ಚಿತ್ರಕ್ಕೆ ಹತ್ತು ನಿಮಿಷ. ಭುಜದಡಿ ಇಡುವ ಸ್ಪಂಜಿನ ಓರೆ ಎಷ್ಟು ಅಂತ ಮಾತ್ರ ಇಲ್ಲಿ ಬರೆಯೋದಿಲ್ಲ, ಬಂದರೆ ತೋರಿಸ್ತೇನೆ.

ಖರ್ಚು ನಿಜಕ್ಕೂ ಹಿಂಡಿದ್ದು ಜನರೇಟರಿನಲ್ಲಿ, ಅಂದರೆ ಮಾಲಿಬ್ಡಿನಂ ಕ್ಷಯಿಸುತ್ತ ಟೆಕ್ನೀಷಿಯಂ ಹುಟ್ಟಿಸುವ ಡಬ್ಬಿಯಲ್ಲಿ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆಯೇ ಬಿತ್ತು. ಗೋವಾ ಕಡೆಯಿಂದ ಬರುವ ಮಾಲು ಒಂದು ದಿನ ತಡವಾದರೆ ಮಾಲಿಬ್ಡಿನಂ ಐದನೇ ಒಂದು ಪಾಲಿಗಿಂತ ಜಾಸ್ತಿ ಹೋಯಿತು ಅಂತಲೇ ಲೆಕ್ಕ, ಬಿಲ್ಲು ಮಾತ್ರ ಪೂರಾ. ಈಗ ಸ್ತನದ ಕೇಸುಗಳನ್ನೆಲ್ಲ ಮೊದಲ ಎಲ್ಯೂಷನ್ನಿನ (ಜನರೇಟರಿನಿಂದ ಟೆಕ್ನೀಷಿಯಂ ತೊಳೆದು ತೆಗೆಯುವ) ಬೆಳಿಗ್ಗೆಗೇ ಹಾಕ್ತೇನೆ. ಒಂದು ಸೆಸ್ಟಾಮಿಬಿ ಕಿಟ್ (ಟೆಕ್ನೀಷಿಯಂ ಬೆರೆಸಿ ಚುಚ್ಚುವ, ಗಂಟು ಹೀರಿಕೊಳ್ಳುವ ಔಷಧಿ) ಕುದಿಸಿದರೆ ಮೂರು ನಾಲ್ಕು ಜನರಿಗೆ ಸಾಕು.

“ಅಕ್ಕೋರೆ, ಕೈಗಾದಲ್ಲಿ ಇರ್ತದಲ, ಅದೇನ ಇದು?” ಅಂತ ಕೈಗಾ ಅಣುಸ್ಥಾವರ ನೆನೆದು ಕೇಳುವವರು ಬಹಳ. ಟೆಕ್ನೀಷಿಯಂ ಆರು ತಾಸಿಗೆ ಅರ್ಧ ಆಗ್ತದೆ, ನಾಳೆಗೆ ಇರೋದೇ ಇಲ್ಲ ಅನ್ನಬಹುದು ಅಂತ ಕೂತು ಹೇಳ್ತೇನೆ. ಹೆದರಿಕೊಂಡವರು ಹತ್ತು ನಿಮಿಷ ಅಲ್ಲಾಡದೆ ಮಲಗೋದಿಲ್ಲ.

ಎದೆಗೂಡಿಗೆ ಅಂಟಿಕೊಂಡ ಒಳಬದಿಯ ಗಂಟು, ಅದರಲ್ಲೂ ಎಡಗಡೆಯದ್ದು, ಅದೇ ಔಷಧಿ ಹೀರುವ ಹೃದಯದ ಹೊಳಪಿನಲ್ಲಿ ಇನ್ನೂ ಮುಚ್ಚಿಹೋಗ್ತದೆ. ಅದಕ್ಕೆ ಕೂರಿಸಿ, ಅಕ್ರಿಲಿಕ್ ಹಾಳೆಯಿಂದ ಮೆಲ್ಲಗೆ ಒತ್ತಿ ತೆಗೆದು ನೋಡ್ತಿದ್ದೇನೆ.