ಅರಿಶಿನಕ್ಕೆ ಇರುವೆ ಹೆದರುತ್ತಾ? ಮನೆಯಲ್ಲೇ ನೋಡಿ

ಮಳೆ ಶುರುವಾದರೆ ಅಡುಗೆ ಕಟ್ಟೆಯ ಮೇಲೆ ಇರುವೆ ಸಾಲು ಗ್ಯಾರಂಟಿ. ಅಜ್ಜಿ ಅರಿಶಿನ ಹಾಕು ಅಂತಾರೆ, ಪಕ್ಕದ ಮನೆಯವರು ಲವಂಗ ಅಂತಾರೆ, ಇನ್ಯಾರೋ ಕರ್ಪೂರ. ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ? ಒಂದು ರಜಾ ದಿನ ಮಕ್ಕಳ ಜೊತೆ ಕೂತು ನೋಡಿಬಿಡಿ.

ಐದು ಬಿಳಿ ಹಾಳೆ ತೆಗೆದುಕೊಂಡು, ಪ್ರತಿಯೊಂದರ ನಡುವೆ ಕಡಲೆಕಾಳಿನಷ್ಟು ಬೆಲ್ಲ ಇಡಿ. ಒಂದೇ ಅಚ್ಚಿನ ಬೆಲ್ಲವಾಗಿರಲಿ. ಮೂರು ಹಾಳೆಗಳಲ್ಲಿ ಬೆಲ್ಲದ ಸುತ್ತ ಬೆರಳಗಲಕ್ಕೆ ಅರಿಶಿನ, ಲವಂಗದ ಪುಡಿ, ಕರ್ಪೂರದ ಪುಡಿಯನ್ನು ಬಳೆಯಂತೆ ಹಾಕಿ. ನಾಲ್ಕನೆಯ ಹಾಳೆಗೆ ಬೆಲ್ಲ ಮಾತ್ರ. ಐದನೆಯದಕ್ಕೆ ಬಣ್ಣವಿಲ್ಲದ ರಂಗೋಲಿ ಪುಡಿ.

ರಂಗೋಲಿ ಯಾಕೆ ಅಂದರೆ, ಇಡೀ ಪರೀಕ್ಷೆ ನಿಂತಿರುವುದೇ ಅದರ ಮೇಲೆ. ಅರಿಶಿನದ ಅಂಚಿಗೆ ಬಂದ ಇರುವೆಯನ್ನು ಹತ್ತಿರದಿಂದ ನೋಡಿ. ನಿಲ್ಲುತ್ತದೆ, ಮೀಸೆ ಆಡಿಸುತ್ತದೆ, ಅಂಚಿನಲ್ಲೇ ಸುತ್ತುತ್ತಾ ಸಂದಿ ಹುಡುಕುತ್ತದೆ. ವಾಸನೆಗೆ ಹೆದರಿತು ಅಂತ ನಮಗೆ ಅನ್ನಿಸುತ್ತದೆ. ಆದರೆ ಸಡಿಲವಾದ ಯಾವ ಪುಡಿಯ ಮೇಲೂ ಅದಕ್ಕೆ ನಡೆಯುವುದು ಕಷ್ಟ. ರಂಗೋಲಿ ಕಲ್ಲಿನ ಪುಡಿ, ಘಮವಿಲ್ಲ. ಅಲ್ಲೂ ಇರುವೆ ಹಾಗೇ ತಡವರಿಸಿದರೆ ತಡೆದದ್ದು ಪುಡಿಯೇ ಹೊರತು ಅರಿಶಿನದ ಗುಣ ಅಲ್ಲ, ಅಲ್ವಾ? ಅಕ್ಕಿಹಿಟ್ಟು ಮಾತ್ರ ಬೇಡ. ಅದು ಇರುವೆಗೆ ಊಟ.

ಹಾಳೆಗಳನ್ನು ಇರುವೆ ಸಾಲಿನಿಂದ ಒಂದೊಂದು ಗೇಣು ದೂರದಲ್ಲಿಡಿ. ಫ್ಯಾನ್ ಆರಿಸಿ. ಒಂದು ಗಂಟೆ ಕಾಲ, 10 ನಿಮಿಷಕ್ಕೊಮ್ಮೆ ಮೊಬೈಲ್‌ನಲ್ಲಿ ಫೋಟೊ ತೆಗೆದು ಬೆಲ್ಲ ಮುಟ್ಟಿದ ಇರುವೆಗಳನ್ನು ಎಣಿಸಿ. ರಂಗೋಲಿಯ ಹಾಳೆಯಲ್ಲಿ 40, ಲವಂಗದಲ್ಲಿ 10 ಬಂದವು ಅನ್ನಿ. 40ರಲ್ಲಿ 30 ತಡೆದಂತಾಯಿತು, ಅಂದರೆ ಶೇ 75.

ಒಂದೇ ಸಲಕ್ಕೆ ನಂಬಬೇಡಿ. ಬೆಲ್ಲ ಸಿಕ್ಕ ಇರುವೆ ದಾರಿಯುದ್ದಕ್ಕೂ ವಾಸನೆಯ ಗುರುತು ಬಿಡುತ್ತಾ ಹೋಗುತ್ತದೆ, ಉಳಿದವು ಅದನ್ನೇ ಹಿಡಿದು ಬರುತ್ತವೆ. ಮೊದಲು ಕಣ್ಣಿಗೆ ಬಿದ್ದ ಹಾಳೆಗೆ ಸುಮ್ನೆ ಜಾಸ್ತಿ ಗುಂಪು. ಹಾಗಾಗಿ ಸೋಪಿನ ನೀರಲ್ಲಿ ಕಟ್ಟೆ ಒರೆಸಿ, ಇರುವೆ ಮತ್ತೆ ಸಾಲು ಕಟ್ಟಿದ ಮೇಲೆ ಹೊಸ ಹಾಳೆಗಳನ್ನು ಜಾಗ ಬದಲಿಸಿ ಇಡಿ. ಕಡಿಮೆಯೆಂದರೂ ಮೂರು ಸುತ್ತು ಬೇಕು.

ಕೊನೆಯ ಸುತ್ತಿನಲ್ಲಿ ಪುಡಿಯನ್ನು ಹಾಗೇ ಬಿಟ್ಟು, 2 ಗಂಟೆ, 4 ಗಂಟೆಯ ನಂತರ ಹೊಸ ಬೆಲ್ಲ ಇಟ್ಟು ಮತ್ತೆ ಎಣಿಸಿ. ಕರ್ಪೂರ ಗಾಳಿಯಲ್ಲಿ ಕರಗಿಹೋಗುತ್ತದೆ. ಮಕ್ಕಳು ಅದನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ನುಂಗಿದರೆ ಫಿಟ್ಸ್ ಬರಬಹುದು.

ಸೊಳ್ಳೆಯ ವಿಷಯದಲ್ಲೂ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದೇ ಮುಖ್ಯ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸೊಳ್ಳೆ ದೂರವಿಡಲು ಮೈಗೆ ಹಚ್ಚುವ ಡೀಟ್ ಎಂಬ ರಾಸಾಯನಿಕ ಶೇ 23.8ರಷ್ಟು ಇದ್ದ ದ್ರಾವಣ ಸರಾಸರಿ 5 ಗಂಟೆ ಕಾಪಾಡಿತು, ಘಮಘಮಿಸುವ ಹುಲ್ಲಿನಿಂದ ತೆಗೆಯುವ ಸಿಟ್ರೊನೆಲ್ಲಾ ಎಣ್ಣೆಯವು 20 ನಿಮಿಷವೂ ಬಾಳಲಿಲ್ಲ. ಅಲ್ಲಿ ಸ್ವಯಂಸೇವಕರು ಲ್ಯಾಬ್‌ನಲ್ಲಿ ಸಾಕಿದ ಸೊಳ್ಳೆಗಳ ಪಂಜರದೊಳಗೆ ಕೈ ಇಟ್ಟಿದ್ದರು. ನಮ್ಮ ಮನೆಯ ಸೊಳ್ಳೆ ಡೆಂಗಿ, ಚಿಕೂನ್‌ಗುನ್ಯಾ ಹೊತ್ತಿರಬಹುದು. ಅದಕ್ಕೆ ಕೈ ಒಡ್ಡಿ ಪರೀಕ್ಷಿಸಲು ಹೋಗಬೇಡಿ.